ಆಡದವನ ಸರ್ಟಿಫಿಕೇಟ್

ಇವತ್ತು ಸ್ಟುಡಿಯೋಗೆ ಒಂದು ಕಾಗದ ತಂದಿದ್ದೀನಿ. ಕ್ಯಾಮೆರಾ ಸ್ವಲ್ಪ ಹತ್ತಿರ ಬರಲಿ. ಲ್ಯಾಮಿನೇಟ್ ಮಾಡಿಸಿದ್ದು, ಅಂಚೆಲ್ಲ ಹಳದಿ ತಿರುಗಿದೆ. ಮೇಲೆ ಒಂದು ಲಾಂಛನ, ಕೆಳಗೆ ಎರಡು ಸಹಿ, ಮಧ್ಯದಲ್ಲಿ ನನ್ನ ಹೆಸರು. ಜಿಲ್ಲಾ ತಂಡದ ಪರವಾಗಿ ನಾನು ರಾಜ್ಯಮಟ್ಟದ ಜೂನಿಯರ್ ಕಬಡ್ಡಿ ಪಂದ್ಯಾವಳಿಯಲ್ಲಿ ಭಾಗವಹಿಸಿದ್ದೇನೆ ಅಂತ ಇದರಲ್ಲಿ ಬರೆದಿದೆ.

ಸಂಸ್ಥೆಯ ಹೆಸರಿನ ಮೇಲೆ ಬೆರಳು ಇಟ್ಟುಕೊಂಡಿದ್ದೀನಿ. ಅದನ್ನು ತೋರಿಸಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಇದನ್ನ ಒಪ್ಪಿಕೊಂಡುಬಿಡ್ತೀನಿ: ನಾನು ಆ ಪಂದ್ಯಾವಳಿಗೆ ಹೋಗಿಯೇ ಇರಲಿಲ್ಲ. ಆ ವಾರ ಮನೆಯಲ್ಲಿ ಕೂತು ಸಿಇಟಿಗೆ ಓದುತ್ತಿದ್ದೆ.

ಕಾಲೇಜು ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದೆ, ನಿಜ. ಹನ್ನೆರಡು ಜನರ ತಂಡದಲ್ಲಿ ನಾನು ಹನ್ನೊಂದನೆಯವನು. ಯಾರಿಗಾದರೂ ಕಾಲು ಉಳುಕಿದರೆ ನನ್ನನ್ನ ಕರೀತಿದ್ದರು. ನಮ್ಮ ಚಿಕ್ಕಪ್ಪನಿಗೆ ಜಿಲ್ಲಾ ಸಂಸ್ಥೆಯ ಪದಾಧಿಕಾರಿಯೊಬ್ಬರು ಪರಿಚಯ. ಒಂದು ಸಂಜೆ ಚಿಕ್ಕಪ್ಪ ಬಂದು, "ತಗೋ ಮಗ, ಇಟ್ಕೊಂಡಿರು, ಸ್ಪೋರ್ಟ್ಸ್ ಕೋಟಾಗೆ ಬೇಕಾಗುತ್ತೆ" ಅಂತ ಈ ಕಾಗದ ಕೈಗಿಟ್ಟರು. ಅಮ್ಮ ಅದನ್ನ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು. ಆ ಕುಂಕುಮದ ಕಲೆ ಲ್ಯಾಮಿನೇಷನ್ ಒಳಗೆ ಇನ್ನೂ ಇದೆ, ನೋಡಿ.

ನನಗೆ ಆ ಕೋಟಾ ಬೇಕಾಗಲಿಲ್ಲ. ರ‍್ಯಾಂಕ್ ಬಂತು, ಇಂಜಿನಿಯರಿಂಗ್ ಸೀಟು ಸಿಕ್ಕಿತು. ಆದರೆ ಈ ಕಾಗದವನ್ನ ನಾನು ವಾಪಸ್ ಕೊಡಲೂ ಇಲ್ಲ, ಹರಿದು ಹಾಕಲೂ ಇಲ್ಲ. ಇಷ್ಟು ವರ್ಷ ಫೈಲಿನಲ್ಲಿ ಇಟ್ಟುಕೊಂಡಿದ್ದೀನಿ. ಪ್ರತಿದಿನ ರಾತ್ರಿ ಇಲ್ಲಿ ಕೂತು ಮಂತ್ರಿಗಳನ್ನ, ಅಧಿಕಾರಿಗಳನ್ನ ಲೆಕ್ಕ ಕೇಳುವ ನಾನು, ನನ್ನದೇ ಈ ಲೆಕ್ಕ ಒಪ್ಪಿಸಿರಲಿಲ್ಲ. ಇವತ್ತು ಒಪ್ಪಿಸ್ತಿದ್ದೀನಿ.

ಯಾಕೆ ಇವತ್ತು? ಯಾಕೆ ಅಂದ್ರೆ, ನಾನು ಹೋಗದ ಆ ಪಂದ್ಯಾವಳಿಗೆ ನಿಜವಾಗಿಯೂ ಹೋಗಿದ್ದ ಒಬ್ಬ ಹುಡುಗ ಮೊನ್ನೆ ನನಗೆ ಸಿಕ್ಕ.

ಅವನು ನಮ್ಮ ಪಕ್ಕದ ಊರಿನವನು. ಹೆಸರು ಹೇಳಲ್ಲ, ಅವನಿಗೆ ಇಷ್ಟ ಇಲ್ಲ. ರೈಡರ್. ಬಲಗಾಲು ಮುಂದಿಟ್ಟು ಬೋನಸ್ ಗೆರೆಗೆ ಹೋದ ಅಂದರೆ ಎದುರಿನ ಏಳು ಜನಕ್ಕೂ ಅವನು ಯಾವ ಕಡೆ ತಿರುಗುತ್ತಾನೆ ಅಂತ ಗೊತ್ತಾಗುತ್ತಿರಲಿಲ್ಲ. ಆ ಮೇಲೆ ಅವನು ರಾಜ್ಯ ತಂಡದ ಜೊತೆ ಒಂದು ರಾಷ್ಟ್ರೀಯ ಪಂದ್ಯಾವಳಿಗೂ ಹೋಗಿಬಂದ. ರೈಲು ಬೋಗಿಯಲ್ಲಿ, ಶೌಚಾಲಯದ ಪಕ್ಕ, ಎರಡು ರಾತ್ರಿ. ವಾಪಸ್ ಬಂದಾಗ ಊರಿನಲ್ಲಿ ಬ್ಯಾನರ್ ಕಟ್ಟಿದ್ದರು.

ನಂತರ ಒಂದು ಸರ್ಕಾರಿ ನೇಮಕಾತಿ ಬಂತು. ಕ್ರೀಡಾ ಕೋಟಾ. ಅದಕ್ಕೆ ಬೇಕಾದದ್ದು ಒಂದು ಫಾರಂ.

ವೀಕ್ಷಕರೇ, ಈ ಫಾರಂ ಬಗ್ಗೆ ನಿಮಗೆ ಗೊತ್ತಿರಬೇಕು. ಕೇಂದ್ರ ಸರ್ಕಾರದ ನೇಮಕಾತಿಗಳಲ್ಲಿ ಕ್ರೀಡಾಪಟುಗಳಿಗೆ ಬೇರೆ ಬೇರೆ ನಮೂನೆಗಳಿವೆ. ದೇಶದ ಪರ ಆಡಿದವರಿಗೆ ಫಾರಂ 1. ರಾಜ್ಯದ ಪರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದವರಿಗೆ ಫಾರಂ 2. ಅಂತರ ವಿಶ್ವವಿದ್ಯಾಲಯಕ್ಕೆ ಫಾರಂ 3, ಶಾಲಾ ಕ್ರೀಡೆಗೆ ಫಾರಂ 4. ಫಾರಂ 3ಕ್ಕೆ ವಿಶ್ವವಿದ್ಯಾಲಯ, ಫಾರಂ 4ಕ್ಕೆ ಶಿಕ್ಷಣ ಇಲಾಖೆ. ಆದರೆ ಫಾರಂ 2ಕ್ಕೆ ಸಹಿ ಹಾಕುವವರು ಯಾರು? ರಾಜ್ಯ ಕ್ರೀಡಾ ಸಂಸ್ಥೆಯ ಕಾರ್ಯದರ್ಶಿ. ಅವರು ಸರ್ಕಾರಿ ನೌಕರರಲ್ಲ. ಸಂಬಳ ಇಲ್ಲ. ಜನ ಆರಿಸಿದವರೂ ಅಲ್ಲ. ಒಂದು ಖಾಸಗಿ ಸಂಘದ ಪದಾಧಿಕಾರಿ. ಆದರೆ ಅವರ ಪೆನ್ನಿನ ತುದಿಯಲ್ಲಿ ಒಂದು ಸರ್ಕಾರಿ ಕೆಲಸ ಇರುತ್ತೆ. ಒಂದು ಮನೆಯ ಮೂವತ್ತು ವರ್ಷದ ಅನ್ನ ಇರುತ್ತೆ.

ನನ್ನ ಗೆಳೆಯನಿಗೆ ಏನಂದರು ಗೊತ್ತಾ? "ಜಿಲ್ಲೆಯಿಂದ ಶಿಫಾರಸು ಬರಲಿ." ಜಿಲ್ಲೆಗೆ ಹೋದ. "ಸಂಸ್ಥೆಗೆ ಕಟ್ಟಡ ಕಟ್ಟಿಸ್ತಿದ್ದೀವಿ, ಏನಾದರೂ ಕೊಡಪ್ಪ." ಎಷ್ಟು ಸಾರ್? ನಲವತ್ತು ಸಾವಿರ. ರಸೀದಿ? "ರಸೀದಿ ಕೇಳೋ ಹಾಗಿದ್ರೆ ಬೇರೆ ಕಡೆ ನೋಡ್ಕೋ." ಅವರಮ್ಮ ಹಸು ಮಾರುತ್ತೀನಿ ಅಂದರು. ಇವನು ಬೇಡ ಅಂದ. ಕೊನೇ ದಿನಾಂಕ ಮುಗಿಯಿತು. ಇವತ್ತು ಅವನು ಟಾಟಾ ಏಸ್ ಓಡಿಸ್ತಾನೆ. ಸೊಪ್ಪು, ಟೊಮೆಟೊ ಮಾರುಕಟ್ಟೆಗೆ ಹಾಕ್ತಾನೆ. ಆ ಸಂಸ್ಥೆಯ ಕಟ್ಟಡವನ್ನ ಇವತ್ತಿನವರೆಗೂ ಯಾರೂ ನೋಡಿಲ್ಲ.

ಆಡಿದವನಿಗೆ ಕಾಗದ ಸಿಗಲಿಲ್ಲ. ಆಡದವನ ಮನೆಗೆ ಕಾಗದ ತಾನಾಗಿ ನಡೆದು ಬಂತು. ಎರಡರ ಕೆಳಗೂ ಒಂದೇ ಸಂಸ್ಥೆ.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. ನಾನು ಹೆಸರು ಹೇಳಿದೆ ಅಂತಿಟ್ಟುಕೊಳ್ಳಿ. ನಾಳೆ ಆ ಒಂದು ಜಿಲ್ಲೆಯಲ್ಲಿ ಗಲಾಟೆ ಆಗುತ್ತೆ. ಒಬ್ಬ ಹಳೆಯ ಮನುಷ್ಯನ ಮನೆ ಮುಂದೆ ಮೈಕ್ ಹಿಡಿದು ನಿಲ್ತೀವಿ. ಉಳಿದ ಕಡೆ ಇದೇ ಕೆಲಸ ಮಾಡುವವರು, "ಅಬ್ಬ, ನಮ್ಮ ಹೆಸರು ಬರಲಿಲ್ಲ" ಅಂತ ಲೈಟ್ ಆರಿಸಿ ಮಲಗ್ತಾರೆ. ನನಗೆ ಅದು ಬೇಡ. ಹೆಸರು ಹೇಳಿ ಮಾತಾಡುವುದಾದರೆ ನ್ಯಾಯಾಲಯದಲ್ಲಿ ತೀರ್ಮಾನವಾದ ಒಂದು ಪ್ರಕರಣ ಇದೆ. ಅದೂ ಕಬಡ್ಡಿಯದೇ. ಅದನ್ನ ನೋಡೋಣ. ನಮ್ಮ ಜಿಲ್ಲೆಯಲ್ಲಿ ನಡೆಯುವುದು ದೆಹಲಿಯಲ್ಲಿ ಎಷ್ಟು ದೊಡ್ಡ ಅಳತೆಯಲ್ಲಿ ನಡೆದಿತ್ತು ಅಂತ ಗೊತ್ತಾಗುತ್ತೆ.

ಅಮೆಚೂರ್ ಕಬಡ್ಡಿ ಫೆಡರೇಷನ್ ಆಫ್ ಇಂಡಿಯಾ. ಹೆಸರಿನಲ್ಲೇ ಅಮೆಚೂರ್, ಅಂದರೆ ಹವ್ಯಾಸಿ. ದುಡ್ಡಿಗಾಗಿ ಆಡದವರ ಸಂಸ್ಥೆ. ಇದರ ಅಧ್ಯಕ್ಷರಾಗಿ ರಾಜಸ್ಥಾನದ ರಾಜಕಾರಣಿ ಜನಾರ್ದನ ಸಿಂಗ್ ಗೆಹ್ಲೋಟ್ 1984ರಿಂದ 2013ರವರೆಗೆ ಇದ್ದರು. ಸುಮಾರು ಮೂರು ದಶಕ. ಅವರ ಕೊಡುಗೆ ಇಲ್ಲ ಅಂತ ನಾನು ಹೇಳಲ್ಲ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಪದಕದ ಕ್ರೀಡೆಯಾಗಿ ಸೇರಿದ್ದರಲ್ಲಿ ಅವರ ಓಡಾಟ ಇತ್ತು. ಅದನ್ನ ಒಪ್ಪೋಣ. ಆದರೆ ಅವಧಿ ಮುಗಿಯಿತು. ಮುಗಿದಾಗ ಏನಾಯಿತು? ಅವರು ಆಜೀವ ಅಧ್ಯಕ್ಷರಾದರು. ಅಧ್ಯಕ್ಷ ಸ್ಥಾನಕ್ಕೆ ಅವರ ಪತ್ನಿ ಬಂದರು. ವೃತ್ತಿಯಲ್ಲಿ ವೈದ್ಯರು.

ಮಹಿಪಾಲ್ ಸಿಂಗ್ ಅನ್ನುವ ಮಾಜಿ ಆಟಗಾರರು ಇದನ್ನ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಿದರು. ಅರ್ಜಿ ಹಾಕಿದ್ದು 2013ರಲ್ಲಿ. ತೀರ್ಪು ಬಂದದ್ದು 2018ರ ಆಗಸ್ಟ್‌ನಲ್ಲಿ. ಐದು ವರ್ಷ! ಒಬ್ಬ ಕಬಡ್ಡಿ ಆಟಗಾರನ ಒಳ್ಳೆಯ ಕಾಲ ಅಂದರೇ ಏಳೆಂಟು ವರ್ಷ. ನ್ಯಾಯಾಲಯ ಪತ್ನಿಯ ಆಯ್ಕೆಯನ್ನೂ, ಪತಿಯ ಆಜೀವ ಅಧ್ಯಕ್ಷಗಿರಿಯನ್ನೂ ರದ್ದು ಮಾಡಿತು. ಫೆಡರೇಷನ್ನಿಗೆ ಆಡಳಿತಾಧಿಕಾರಿ ಬಂದರು.

ಅದೇ ತಿಂಗಳು ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್. 1990ರಿಂದ ಒಂದು ಸಲವೂ ಚಿನ್ನ ಬಿಟ್ಟುಕೊಡದ ಭಾರತದ ಪುರುಷರ ತಂಡ ಸೆಮಿಫೈನಲ್‌ನಲ್ಲಿ ಇರಾನ್ ಎದುರು 18-27ರಲ್ಲಿ ಸೋತಿತು. ಮಾರನೇ ದಿನ ಮಹಿಳೆಯರ ತಂಡ ಫೈನಲ್‌ನಲ್ಲಿ ಇರಾನ್‌ಗೇ 24-27ರಲ್ಲಿ ಸೋತಿತು. ಆಡಳಿತ ಕೆಟ್ಟದ್ದಕ್ಕೇ ಸೋತರು ಅಂತ ನಾನು ಹೇಳ್ತಿಲ್ಲ. ಇರಾನ್ ಚೆನ್ನಾಗಿ ಆಡಿತು, ಅಷ್ಟೇ. ಆದರೆ ಆ ತಂಡದ ಆಯ್ಕೆಯ ಬಗ್ಗೆಯೇ ಇನ್ನೊಂದು ಅರ್ಜಿ ಅದೇ ಹೈಕೋರ್ಟಿನಲ್ಲಿತ್ತು. ದುಡ್ಡು ತಗೊಂಡು ಆಯ್ಕೆ ಮಾಡಿದ್ದಾರೆ ಅನ್ನುವ ಆರೋಪ. ಅರ್ಜಿ ಹಾಕಿದವರಲ್ಲಿ ನಮ್ಮ ಕರ್ನಾಟಕದ ಮಾಜಿ ಆಟಗಾರರೂ ಇದ್ದರು.

ಹೈಕೋರ್ಟ್ ಏನು ಮಾಡಿತು ಗೊತ್ತಾ? ಒಂದು ಪಂದ್ಯ ಆಡಿಸಿ ಅಂತ ಹೇಳಿತು. ಏಷ್ಯನ್ ಗೇಮ್ಸ್‌ಗೆ ಹೋದವರು ಒಂದು ಕಡೆ, ಬಿಟ್ಟುಹೋದವರು ಇನ್ನೊಂದು ಕಡೆ. ಯಾರು ಉತ್ತಮರು ಅಂತ ಅಂಕಣವೇ ಹೇಳಲಿ. 2018ರ ಸೆಪ್ಟೆಂಬರ್ 15, ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣ. ನಿವೃತ್ತ ನ್ಯಾಯಮೂರ್ತಿಗಳೊಬ್ಬರು ವೀಕ್ಷಕರು. ಬಿಟ್ಟುಹೋದವರು ಬಂದರು, ಅಂಕಣಕ್ಕಿಳಿದು ಕಾದರು. ಏಷ್ಯನ್ ಗೇಮ್ಸ್ ತಂಡ ಬರಲೇ ಇಲ್ಲ.

ಕಬಡ್ಡಿಯಲ್ಲಿ ರೈಡರ್‌ಗೆ ಮೂವತ್ತು ಸೆಕೆಂಡು ಕೊಡ್ತಾರೆ. ಎದುರು ಏಳು ಜನ ಇದ್ದರೂ ಗೆರೆ ದಾಟಿ ಹೋಗಲೇಬೇಕು. ಕೂತಲ್ಲೇ ಕೂತರೆ ಔಟ್. ಆಟಗಾರನಿಗೆ ಇಷ್ಟು ಕಟ್ಟುನಿಟ್ಟು. ಆಟ ನಡೆಸುವವರಿಗೆ ಮಾತ್ರ ಗಡಿಯಾರವೇ ಇಲ್ಲ!

ಕಥೆ ಅಲ್ಲಿಗೂ ಮುಗಿಯಲಿಲ್ಲ. ಆಡಳಿತಾಧಿಕಾರಿ ಬಂದಮೇಲೆ ವರ್ಷಗಳು ಉರುಳಿದವು. 2023ರ ಕೊನೆಗೆ ಚುನಾವಣೆ ಆಯಿತು, ಆದರೆ ಅಧಿಕಾರ ಹಸ್ತಾಂತರ ಆಗಲಿಲ್ಲ. ಚುನಾಯಿತ ಮಂಡಳಿ ಕೈಯಲ್ಲಿ ಆಡಳಿತ ಇಲ್ಲ ಅಂತ ಅಂತರರಾಷ್ಟ್ರೀಯ ಕಬಡ್ಡಿ ಫೆಡರೇಷನ್ ಭಾರತದ ಫೆಡರೇಷನ್ನನ್ನ ಅಮಾನತು ಮಾಡಿತು. ಇರಾನಿನಲ್ಲಿ ಏಷ್ಯನ್ ಮಹಿಳಾ ಚಾಂಪಿಯನ್‌ಷಿಪ್ ಬಂತು. ನಮ್ಮ ಹೆಣ್ಣುಮಕ್ಕಳು ಹೋಗುವ ಹಾಗಿಲ್ಲ. ಆಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ಯಾರು? ಪದಾಧಿಕಾರಿಗಳಲ್ಲ, ಇಬ್ಬರು ಆಟಗಾರ್ತಿಯರು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾಯಿತ ಮಂಡಳಿಗೆ ಅಧಿಕಾರ ಕೊಡಿ ಅಂತ ಆದೇಶ ಮಾಡಿತು. ಮಾರ್ಚ್‌ನಲ್ಲಿ ನಮ್ಮ ಹುಡುಗಿಯರು ಟೆಹರಾನ್‌ಗೆ ಹೋದರು. ಫೈನಲ್‌ನಲ್ಲಿ ಇರಾನನ್ನ 32-25ರಲ್ಲಿ ಸೋಲಿಸಿ ಬಂದರು.

ಅಂದರೆ ಆಟ ಗೊತ್ತಿರುವವರು ನಮ್ಮಲ್ಲಿ ಯಾವತ್ತೂ ಇದ್ದರು. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ, ಇಬ್ಬರೂ ನಮ್ಮವರು. 2010ರ ಗುವಾಂಗ್‌ಝೌ, 2014ರ ಇಂಚಿಯಾನ್, ಎರಡು ಏಷ್ಯನ್ ಗೇಮ್ಸ್‌ನಲ್ಲೂ ಚಿನ್ನ ತಂದವರು. ಬಿ.ಸಿ. ರಮೇಶ್ ನಮ್ಮವರು, ಪ್ರೊ ಕಬಡ್ಡಿಯಲ್ಲಿ ತಂಡಗಳಿಗೆ ಕಪ್ ಗೆಲ್ಲಿಸಿದ ಕೋಚ್. 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ದುಡ್ಡೂ ಬಂತು. 2022ರ ಹರಾಜಿನಲ್ಲಿ ಪವನ್ ಶೆರಾವತ್ ಅವರಿಗೆ 2.26 ಕೋಟಿ ರೂಪಾಯಿ. ಬೆಂಗಳೂರು ಬುಲ್ಸ್‌ನಲ್ಲಿ ಆಡಿ ನಮ್ಮ ಕಣ್ಣೆದುರೇ ಬೆಳೆದ ಹುಡುಗ. ಮೇಲಿನ ಮಹಡಿ ಹೀಗೆ ಥಳಥಳ ಹೊಳೀತಿದೆ. ಆದರೆ ಆ ಮಹಡಿಗೆ ಹತ್ತುವ ಮೆಟ್ಟಿಲು ತಾಲ್ಲೂಕಿನಲ್ಲಿ, ಜಿಲ್ಲೆಯಲ್ಲಿ ಇದೆ. ಆ ಮೊದಲ ಮೆಟ್ಟಿಲ ಮೇಲೆ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರೆ?

ಈಗ ನಾನು ಓದಿದ ಓದಿನಿಂದ ಒಂದು ಮಾತು. ಇಂಜಿನಿಯರಿಂಗಿನಲ್ಲಿ ನಮಗೆ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ವಿಷಯ ಇತ್ತು. ಎಲ್ಲಾ ಮರೆತುಹೋಗಿದೆ, ಒಂದು ಪಾಠ ಮಾತ್ರ ನೆನಪಿದೆ. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ನೋಡಿ. ಬಿಸಿ ಹೆಚ್ಚಾದರೆ ಅದೇ ಆಫ್ ಆಗುತ್ತೆ, ತಣ್ಣಗಾದರೆ ಅದೇ ಆನ್ ಆಗುತ್ತೆ. ಒಳಗೆ ಥರ್ಮೋಸ್ಟಾಟ್ ಇದೆ. ಏನಾಗ್ತಿದೆ ಅನ್ನುವ ಸುದ್ದಿ ತಳದಿಂದ ಸ್ವಿಚ್ಚಿಗೆ ಹೋಗುತ್ತೆ. ಇದಕ್ಕೆ ಫೀಡ್‌ಬ್ಯಾಕ್ ಅಂತಾರೆ. ಅದನ್ನ ಕಿತ್ತುಹಾಕಿದರೆ? ಪೆಟ್ಟಿಗೆ ಬಿಸಿ ಏರ್ತಾನೇ ಇರುತ್ತೆ. ಬಟ್ಟೆ ಸುಡುತ್ತೆ. ಪೆಟ್ಟಿಗೆಗೆ ಏನೂ ಗೊತ್ತೇ ಆಗಲ್ಲ.

ನಮ್ಮ ಬಹಳಷ್ಟು ಕ್ರೀಡಾ ಸಂಸ್ಥೆಗಳಲ್ಲಿ ಆ ತಂತಿಯನ್ನ ಕಿತ್ತುಹಾಕಿದ್ದಾರೆ. ಹೇಗೆ ಅಂತ ಹೇಳ್ತೀನಿ, ಗಮನ ಇಟ್ಟು ಕೇಳಿ.

ಜಿಲ್ಲಾ ಸಂಸ್ಥೆಯಲ್ಲಿ ವೋಟು ಯಾರದ್ದು? ಆಟಗಾರರದ್ದಾ? ಅಲ್ಲ. ಕ್ಲಬ್ಬುಗಳದ್ದು. ಕ್ಲಬ್ಬಿಗೆ ಮಾನ್ಯತೆ ಕೊಡುವವರು ಯಾರು? ಜಿಲ್ಲಾ ಸಂಸ್ಥೆಯ ಕಾರ್ಯಕಾರಿ ಸಮಿತಿ. ಆ ಸಮಿತಿಯನ್ನ ಆರಿಸುವವರು ಯಾರು? ಅವರೇ ಮಾನ್ಯತೆ ಕೊಟ್ಟ ಕ್ಲಬ್ಬುಗಳು. ಒಂದು ಕ್ಲಬ್ಬು ಎದ್ದು ನಿಂತು, "ಸ್ವಾಮಿ, ಲೆಕ್ಕ ಕೊಡಿ" ಅಂದರೆ? ಮುಂದಿನ ವರ್ಷ ಅದರ ನವೀಕರಣ "ಪರಿಶೀಲನೆಯಲ್ಲಿದೆ". ಅದೇ ಸಮಯಕ್ಕೆ ಎರಡು ಹೊಸ ಕ್ಲಬ್ಬು ಹುಟ್ಟಿಕೊಳ್ಳುತ್ತವೆ. ಅಂಗಳ ಇಲ್ಲ, ಹುಡುಗರಿಲ್ಲ. ಒಂದು ರಬ್ಬರ್ ಸ್ಟ್ಯಾಂಪ್ ಇದೆ, ಒಂದು ವೋಟು ಇದೆ. ಹೀಗೆ ಗೆದ್ದ ಜಿಲ್ಲೆಗಳು ರಾಜ್ಯ ಸಂಸ್ಥೆಯನ್ನ ಆರಿಸುತ್ತವೆ. ರಾಜ್ಯಗಳು ಫೆಡರೇಷನ್ನನ್ನ ಆರಿಸುತ್ತವೆ. ನಮ್ಮ ಪ್ರಜಾಪ್ರಭುತ್ವದಲ್ಲಿ ಮತದಾರ ಅಧ್ಯಕ್ಷನನ್ನ ಆರಿಸಬೇಕು. ಇಲ್ಲಿ ಅಧ್ಯಕ್ಷನೇ ಮತದಾರನನ್ನ ಆರಿಸ್ತಾನೆ.

ಎಲ್ಲಾ ಕಡೆ ಹೀಗೇ ಅಂತ ನಾನು ಹೇಳಲ್ಲ. ಆದರೆ ಹೀಗೆ ಆಗುವುದಕ್ಕೆ ಎಲ್ಲಾ ಕಡೆ ಅವಕಾಶ ಇದೆ. ಈ ಇಡೀ ಏರ್ಪಾಡಿನಲ್ಲಿ ಮೊಣಕಾಲು ಒಡೆದುಕೊಳ್ಳುವ ಹುಡುಗನಿಗೆ, ಹುಡುಗಿಗೆ ಎಲ್ಲಿದೆ ವೋಟು? ಅವರಿಗೆ ಅನ್ಯಾಯ ಆದರೆ ಆ ಸುದ್ದಿ ಮೇಲಿನ ಸ್ವಿಚ್ಚಿಗೆ ಹೋಗುವ ತಂತಿ ಎಲ್ಲಿದೆ?

ಈಗ ಕೆಲವರು ನನಗೆ ಬೈಯ್ಯಲಿಕ್ಕೆ ಫೋನ್ ತಗೊಂಡಿರ್ತೀರ. "ಸ್ವಂತ ದುಡ್ಡು ಹಾಕಿ ಟೂರ್ನಮೆಂಟ್ ಮಾಡಿಸುವವರು ನಾವು. ಸಂಬಳ ಇಲ್ಲ, ಸಾರಿಗೆ ಇಲ್ಲ. ನೀವು ಎಸಿ ಸ್ಟುಡಿಯೋದಲ್ಲಿ ಕೂತು ಮಾತಾಡ್ತೀರ." ಸ್ವಾಮಿ, ನಿಮ್ಮ ಮಾತು ಒಪ್ತೀನಿ. ಮನಸಾರೆ ಒಪ್ತೀನಿ. ನಮ್ಮೂರಿನಲ್ಲೇ ಒಬ್ಬ ಮೇಷ್ಟ್ರಿದ್ದರು. ಬೆಳಗಿನ ಜಾವ ಐದು ಗಂಟೆಗೆ ಬಂದು ಮಣ್ಣು ಹದ ಮಾಡಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಹಾಕೋರು. ಪಂದ್ಯ ಮುಗಿದ ಮೇಲೆ ಹುಡುಗರಿಗೆಲ್ಲ ಬನ್ನು, ಬಾಳೆಹಣ್ಣು ಅವರದೇ ಜೇಬಿನಿಂದ. ಅವರ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ಬನ್ನಿಗೆ ಎಷ್ಟು, ಸುಣ್ಣಕ್ಕೆ ಎಷ್ಟು, ಯಾರು ಎಷ್ಟು ಕೊಟ್ಟರು, ಎಲ್ಲಾ ಬರೆದಿರೋರು. ಯಾರು ಬೇಕಾದರೂ ತೆಗೆದು ನೋಡಬಹುದಿತ್ತು. ಯಾವ ಕಾನೂನೂ ಅವರನ್ನ ಕೇಳಿರಲಿಲ್ಲ. ಕೈಯಿಂದ ದುಡ್ಡು ಹಾಕಿದ ಮನುಷ್ಯ ಲೆಕ್ಕ ತೋರಿಸೋಕೆ ಹೆದರಲಿಲ್ಲ. ಹಾಗಾದರೆ ಹೆದರುವವರು ಯಾರು? ಯೋಚನೆ ಮಾಡಿ.

ಇನ್ನು ಕೆಲವರು, "ಈ ಸಂಸ್ಥೆಗಳನ್ನೆಲ್ಲ ಮುಚ್ಚಿ, ಸರ್ಕಾರವೇ ನಡೆಸಲಿ" ಅಂತೀರ. ಅದೂ ಕಷ್ಟ. 2022ರ ಆಗಸ್ಟ್‌ನಲ್ಲಿ ಏನಾಯಿತು ನೆನಪಿದೆಯಾ? ಫುಟ್‌ಬಾಲ್ ಫೆಡರೇಷನ್ನಿನಲ್ಲಿ ಅವಧಿ ಮುಗಿದರೂ ಚುನಾವಣೆ ಆಗಲಿಲ್ಲ, ನ್ಯಾಯಾಲಯ ಸಮಿತಿ ನೇಮಿಸಿತು. ಹೊರಗಿನವರ ಹಸ್ತಕ್ಷೇಪ ಅಂತ ಫಿಫಾ ಭಾರತವನ್ನೇ ಅಮಾನತು ಮಾಡಿತು. ಸಮಿತಿ ಹೋದಮೇಲೆ, ಹತ್ತು ಹನ್ನೆರಡು ದಿನದಲ್ಲಿ ಅಮಾನತು ತೆಗೆದರು. ಕಬಡ್ಡಿಯಲ್ಲೂ ಅದೇ ಆಯಿತು ಅಂತ ಈಗ ತಾನೇ ಹೇಳಿದೆ. ತಪ್ಪು ಮಾಡಿದವರು ಕುರ್ಚಿ ಬಿಡಲ್ಲ, ಶಿಕ್ಷೆ ಮಾತ್ರ ಆಟಗಾರರಿಗೆ. ಹಾಗಾಗಿ ಹೊರಗಿನಿಂದ ಬೀಗ ಹಾಕುವುದು ಕೊನೆಯ ಮದ್ದು. ಸಂಸ್ಥೆ ಒಳಗಿನಿಂದ ಸರಿ ಹೋಗಬೇಕು.

ಹೇಗೆ? ದೊಡ್ಡ ಕ್ರಾಂತಿ ಏನೂ ಬೇಡ. ಇರುವ ಕಾನೂನು ಸಾಕು.

ನಮ್ಮ ಜಿಲ್ಲಾ, ರಾಜ್ಯ ಕ್ರೀಡಾ ಸಂಸ್ಥೆಗಳು ಸಾಮಾನ್ಯವಾಗಿ ನೋಂದಣಿ ಆಗಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ. ನಿಮ್ಮೂರಿನ ಯುವಕ ಸಂಘ, ಮಹಿಳಾ ಸಮಾಜ ನೋಂದಣಿ ಆಗುವ ಅದೇ ಕಾಯ್ದೆ. ಅದರ ಪ್ರಕಾರ ಸಂಘ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಬೇಕು. ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಈ ನೋಂದಣಾಧಿಕಾರಿ ಇರುವುದು ಸಹಕಾರ ಇಲಾಖೆಯಲ್ಲಿ, ನಿಮ್ಮ ಜಿಲ್ಲಾ ಕೇಂದ್ರದಲ್ಲೇ. ದೂರು ಬಂದರೆ ವಿಚಾರಣೆ ಮಾಡುವ ಅಧಿಕಾರ ಅದೇ ಕಾಯ್ದೆಯ 25ನೇ ಕಲಮಿನಲ್ಲಿ ಅವರಿಗಿದೆ.

"ಖಾಸಗಿ ಸಂಘ, ಮಾಹಿತಿ ಹಕ್ಕು ನಮಗೆ ಅನ್ವಯಿಸಲ್ಲ" ಅಂತ ಸಂಸ್ಥೆಯವರು ಹೇಳ್ತಾರೆ. ಇರಲಿ. ಅವರನ್ನ ಕೇಳಲೇಬೇಡಿ. ನೋಂದಣಾಧಿಕಾರಿ ಸರ್ಕಾರಿ ಅಧಿಕಾರಿ ತಾನೇ? ಕ್ರೀಡಾ ಇಲಾಖೆ ಸರ್ಕಾರದ್ದು ತಾನೇ? ಅವರನ್ನ ಕೇಳಿ. ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದದೊಳಗೆ ಇರಬೇಕು. ಸಾಕು. ನಾನು ಹೇಳುವ ಐದು ಪ್ರಶ್ನೆಗೆ ನೂರೈವತ್ತು ಪದ ಬೇಡ.

ಬರೆದುಕೊಳ್ಳಿ. ಒಂದು: ಈ ಸಂಸ್ಥೆ ಕಳೆದ ಮೂರು ವರ್ಷದ ಲೆಕ್ಕಪತ್ರ ಸಲ್ಲಿಸಿದೆಯೇ, ಪ್ರತಿ ಕೊಡಿ. ಎರಡು: ಈಗಿನ ಆಡಳಿತ ಮಂಡಳಿಯ ಪಟ್ಟಿ, ಆಯ್ಕೆಯಾದ ದಿನಾಂಕ ಕೊಡಿ. ಮೂರು: ಸದಸ್ಯ ಕ್ಲಬ್ಬುಗಳ ಪಟ್ಟಿ, ವಿಳಾಸ ಸಮೇತ. ನಾಲ್ಕು: ಬೈಲಾ ಪ್ರತಿ. ಐದು, ಇದು ಕ್ರೀಡಾ ಇಲಾಖೆಗೆ: ಈ ಸಂಸ್ಥೆಗೆ ಕೊಟ್ಟ ಅನುದಾನ ಎಷ್ಟು, ಖರ್ಚಿನ ಪ್ರಮಾಣಪತ್ರ ಬಂದಿದೆಯೇ. ಇಷ್ಟೇ.

ಮೂರನೇ ಪ್ರಶ್ನೆಯ ಉತ್ತರ ಬಂದ ಮೇಲೆ ಒಂದು ಭಾನುವಾರ ಬೈಕ್ ತಗೊಂಡು ಆ ವಿಳಾಸಗಳಿಗೆ ಹೋಗಿ ಬನ್ನಿ. ಎಷ್ಟು ಕಡೆ ಅಂಕಣ ಇದೆ, ಎಷ್ಟು ಕಡೆ ಜೆರಾಕ್ಸ್ ಅಂಗಡಿ ಇದೆ, ನೋಡಿ. ಫೋಟೋ ತೆಗೆದು ನಮಗೆ ಕಳಿಸಿ. ನಾವು ತೋರಿಸ್ತೀವಿ.

ಮೇಲಿನ ಹಂತದಲ್ಲೂ ಗಾಳಿ ಸ್ವಲ್ಪ ಬದಲಾಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನ ಪಾಸು ಮಾಡಿತು. ರಾಷ್ಟ್ರೀಯ ಸಂಸ್ಥೆಗಳ ಕಾರ್ಯಕಾರಿ ಸಮಿತಿ ಹದಿನೈದು ಜನಕ್ಕೆ ಮೀರಬಾರದು. ಅದರಲ್ಲಿ ಕನಿಷ್ಠ ನಾಲ್ವರು ಮಹಿಳೆಯರು. ಸಾಧಕ ಕ್ರೀಡಾಪಟುಗಳು ಇಬ್ಬರು, ಆಟಗಾರರ ಸಮಿತಿಯಿಂದ ಇಬ್ಬರು. ವ್ಯಾಜ್ಯಗಳಿಗೆ ಕ್ರೀಡಾ ನ್ಯಾಯಮಂಡಳಿ. ಒಳ್ಳೆಯದು, ಸ್ವಾಗತ ಮಾಡೋಣ. ಆದರೆ ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ಕ್ರೀಡೆ ಇರುವುದು ರಾಜ್ಯಪಟ್ಟಿಯಲ್ಲಿ. ದೆಹಲಿಯ ಮೇಜಿನ ಮೇಲೆ ಆಟಗಾರನಿಗೆ ಕುರ್ಚಿ ಬಂತು ಅಂತ ನಮ್ಮ ಜಿಲ್ಲೆಯ ಮೇಜಿನಲ್ಲಿ ತಾನಾಗಿ ಬಂದುಬಿಡಲ್ಲ. ರಾಜ್ಯ ಸರ್ಕಾರಕ್ಕೆ ನನ್ನ ಬೇಡಿಕೆ ಎರಡೇ. ನಿಮ್ಮಿಂದ ಒಂದು ರೂಪಾಯಿ ಅನುದಾನ ತಗೊಳ್ಳುವ ಪ್ರತಿ ಸಂಸ್ಥೆಯ ಸಮಿತಿಯಲ್ಲೂ ಆಡುತ್ತಿರುವ ಇಬ್ಬರು ಆಟಗಾರರಿಗೆ ಜಾಗ ಇರಲೇಬೇಕು, ಒಬ್ಬರು ಹುಡುಗಿ. ಎರಡನೆಯದು, ಪಂದ್ಯ ಮುಗಿದ ದಿನವೇ ಆಡಿದವರ ಹೆಸರು, ಅಂಕ ಆನ್‌ಲೈನ್‌ನಲ್ಲಿ ಬರಬೇಕು. ಆ ಪಟ್ಟಿಯಲ್ಲಿ ಹೆಸರಿದ್ದರೆ ಸರ್ಟಿಫಿಕೇಟ್ ತಾನಾಗಿ ಬರಬೇಕು, ಯಾರ ಶಿಫಾರಸೂ ಬೇಡ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾರ ಚಿಕ್ಕಪ್ಪ ಬಂದರೂ ಬರಬಾರದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಡಿಜಿಟಲ್ ಆಗಿದೆ, ಪಹಣಿ ಮೊಬೈಲಿನಲ್ಲಿ ಸಿಗುತ್ತೆ. ಇದು ಆಗಲ್ಲ ಅಂತ ಇಂಜಿನಿಯರಿಂಗ್ ಓದಿದ ನನಗೆ ಯಾರೂ ಹೇಳಬೇಡಿ. ಒಂದು ಸಣ್ಣ ಆ್ಯಪ್ ಸಾಕು. ಆಗದೇ ಇರುವುದಕ್ಕೆ ಕಾರಣ ತಂತ್ರಜ್ಞಾನದಲ್ಲಿಲ್ಲ.

ಮತ್ತೆ ನನ್ನ ಗೆಳೆಯನ ವಿಷಯಕ್ಕೆ ಬರ್ತೀನಿ. ಮೊನ್ನೆ ಊರಿಗೆ ಹೋದಾಗ ಸಂತೆ ಹತ್ತಿರ ಸಿಕ್ಕ. ಟೀ ಕುಡಿದೆವು. ಇಷ್ಟು ವರ್ಷ ಹೇಳದ ಮಾತು ಆವತ್ತು ಹೇಳಿದೆ. "ಲೋ, ನೀನು ಆಡಿದ ಆ ಟೂರ್ನಮೆಂಟಿನ ಸರ್ಟಿಫಿಕೇಟ್ ನನ್ನ ಹತ್ರನೂ ಇದೆ ಕಣೋ." ಅವನು ಬೈತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಗ್ಲಾಸು ಕೆಳಗಿಟ್ಟು, "ಗೊತ್ತು ಕಣೋ. ಆವತ್ತು ಲಿಸ್ಟಲ್ಲಿ ನಿನ್ನ ಹೆಸರು ನೋಡಿದ್ದೆ. ನಮ್ಮ ಕಡೆ ಹನ್ನೊಂದೇ ಜನ ಇದ್ವಿ. ಕೆಲವರಿಗೆ ಏಟು ಬಿದ್ದಿತ್ತು, ಇನ್ನು ಕೆಲವರಿಗೆ ಜ್ವರ. ಸೆಮಿಫೈನಲ್‌ನಲ್ಲಿ ನನಗೆ ಮಂಡಿ ಊದಿದಾಗ ಬದಲಿಗೆ ಇಳಿಯೋಕೆ ಯಾರೂ ಇರಲಿಲ್ಲ" ಅಂದ.

ಅಷ್ಟೇ ಹೇಳಿದ್ದು. ಆಮೇಲೆ ಟೊಮೆಟೊ ರೇಟಿನ ಬಗ್ಗೆ ಮಾತಾಡಿದ.

ಇಷ್ಟು ವರ್ಷ ನಾನು ಏನಂದುಕೊಂಡಿದ್ದೆ? ಇದು ಸುಳ್ಳು ಕಾಗದ, ಬಳಸಲಿಲ್ಲ, ಯಾರಿಗೂ ನಷ್ಟ ಆಗಲಿಲ್ಲ ಅಂದುಕೊಂಡಿದ್ದೆ. ಆದರೆ ತಂಡದ ಪಟ್ಟಿಯಲ್ಲಿ ನನ್ನ ಹೆಸರು ಒಂದು ಜಾಗ ತಿಂದಿತ್ತು. ಆ ಜಾಗದಲ್ಲಿ ಯಾವುದೋ ಊರಿನ ಯಾವುದೋ ಹುಡುಗ ಇರಬೇಕಿತ್ತು. ಅವನು ಯಾರು ಅಂತ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಲ್ಲ, ತನ್ನ ಜಾಗ ಎಲ್ಲಿ ಹೋಯಿತು ಅಂತ. ತಾನು ಸಾಲದು ಅಂದುಕೊಂಡು ಆಟ ಬಿಟ್ಟಿರುತ್ತಾನೆ. ಸಂಸ್ಥೆಗಳು ಹೀಗೆ ಕೆಡುವುದಕ್ಕೆ ಮೇಲೆ ಕೂತ ಅಧ್ಯಕ್ಷ ಒಬ್ಬನೇ ಕಾರಣ ಅಲ್ಲ ವೀಕ್ಷಕರೇ. ಪರಿಚಯ ಇದೆ ಅಂತ ಕೇಳುವ ಚಿಕ್ಕಪ್ಪಂದಿರು ಬೇಕು. ಇರಲಿ ಅಂತ ಇಟ್ಟುಕೊಳ್ಳುವ ನನ್ನಂಥವರು ಬೇಕು. ಕೊನೆಗೆ ದೇವರ ಮುಂದೆ ಇಟ್ಟು ಕುಂಕುಮ ಹಚ್ಚುವ ನಮ್ಮ ಮನೆಗಳೂ ಬೇಕು.

ಅವನ ಮಗಳು ಈಗ ಎಂಟನೇ ಕ್ಲಾಸು. ಕಬಡ್ಡಿ ಆಡ್ತಾಳೆ. ಅಪ್ಪನ ಹಾಗೇ ಬಲಗಾಲು ಮುಂದೆ. ಹೋದ ವಾರ ತಾಲ್ಲೂಕು ಆಯ್ಕೆಗೆ ಹೋಗಿದ್ದಳು. ಇನ್ನೂರು ರೂಪಾಯಿ ಪ್ರವೇಶ ಶುಲ್ಕ ಕೇಳಿದರಂತೆ. ಈ ಹುಡುಗಿ ದುಡ್ಡು ಕೊಟ್ಟು ಅಲ್ಲೇ ನಿಂತಳಂತೆ. "ಯಾಕಮ್ಮ, ಹೋಗು ಲೈನಿಗೆ" ಅಂದರಂತೆ. "ರಸೀದಿ ಕೊಡಿ ಸಾರ್" ಅಂದಳಂತೆ. ಹತ್ತು ನಿಮಿಷ ಹುಡುಕಿ, ಯಾವುದೋ ಹಳೇ ಪುಸ್ತಕ ತಂದು, ಹರಿದು ಕೊಟ್ಟರಂತೆ. ಅವಳ ಹಿಂದೆ ನಿಂತಿದ್ದ ಮಕ್ಕಳೆಲ್ಲ ಸಾಲಾಗಿ ರಸೀದಿ ಕೇಳಿದರಂತೆ.

ಆ ಮಗು ಆಯ್ಕೆ ಆದಳೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಅದನ್ನ ಅವಳ ಆಟ ಹೇಳಲಿ.

ನನ್ನ ಈ ಕಾಗದ ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್‌ನಲ್ಲಿ ಅದನ್ನ ಕೊಟ್ಟವರಿಗೇ ವಾಪಸ್ ಹೋಗುತ್ತೆ. ಜೊತೆಗೆ ಒಂದು ಪತ್ರ ಇಟ್ಟಿದ್ದೀನಿ. ಆ ಪಂದ್ಯಾವಳಿಯಲ್ಲಿ ನಾನು ಆಡಿಲ್ಲ, ದಾಖಲೆಯಿಂದ ನನ್ನ ಹೆಸರು ತೆಗೆಯಿರಿ ಅಂತ. ಒಂದು ಪ್ರತಿ ನೋಂದಣಾಧಿಕಾರಿಗೆ. ನಿಮ್ಮ ಮನೆಯ ಫೈಲಿನಲ್ಲೂ ಇಂಥ ಕಾಗದ ಇದ್ದರೆ, ಇವತ್ತು ರಾತ್ರಿ ಒಂದು ಸಲ ತೆಗೆದು ನೋಡಿ.

ಅಂಚೆ ರಸೀದಿ ಬಂದ ಮೇಲೆ ಇಲ್ಲೇ ತೋರಿಸ್ತೀನಿ.